ಹಿತ್ತಲ ಪುದೀನ ಬೇರೆ, ಪೆಪ್ಪರ್‌ಮಿಂಟ್ ಬೇರೆ

ಪೆಪ್ಪರ್‌ಮೆಂಟು ಎಂದರೆ ನಮ್ಮ ಸೀಮೆಯಲ್ಲಿ ಗಿಡದ ಹೆಸರಲ್ಲ, ಅಂಗಡಿಯ ಭರಣಿಯಲ್ಲಿರುವ ಮಿಠಾಯಿಯ ಹೆಸರು. ಆಗಸ್ಟ್ 15ರಂದು ಶಾಲೆಯ ಬಾವುಟದ ಕಂಬದ ಬಳಿ ಮಕ್ಕಳ ಕೈಗೆ ಬೀಳುವುದು ಅದೇ. ಕಿತ್ತಳೆ ರುಚಿ ಇದ್ದರೂ ಪೆಪ್ಪರ್‌ಮೆಂಟು, ನಿಂಬೆ ರುಚಿ ಇದ್ದರೂ ಪೆಪ್ಪರ್‌ಮೆಂಟು. ಆದರೆ ಹೆಸರು ಬಂದದ್ದು ಒಂದು ಗಿಡದಿಂದ. ಅದು ನಮ್ಮ ಹಿತ್ತಲಿನ ಪುದೀನದ ನೆಂಟ, ಪುದೀನವೇ ಅಲ್ಲ.

ಈ ವ್ಯತ್ಯಾಸ ತಿಳಿದು ಏನಾಗಬೇಕು ಎಂದು ಕೇಳುವವರಿಗೆ ಒಂದು ಮಾತು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತ ಸಭೆಗಳಲ್ಲಿ ಈಗೀಗ ಕೇಳಿಬರುವ ಪ್ರಶ್ನೆ ಇದು: "ಸಾ, ಕೂಳೆ ಕಬ್ಬು ಕಿತ್ತಾಕಿ ಪೆಪ್ಪರ್‌ಮಿಂಟ್ ಹಾಕಿದ್ರೆ ಹೆಂಗೆ? ಸಸಿ ಅವರೇ ಕೊಡ್ತಾರಂತೆ, ಎಣ್ಣೆ ಅವರೇ ತಕತಾರಂತೆ." ಮೊಬೈಲಿನಲ್ಲಿ ಬಂದ ಒಂದು ಚಿತ್ರ, ಅದರ ಕೆಳಗೆ ಎಕರೆಗೆ ಇಷ್ಟು ಲಕ್ಷ ಎಂಬ ಲೆಕ್ಕ, ಒಂದು ಫೋನ್ ನಂಬರು. ಇಷ್ಟೇ ಆಧಾರ. ಇದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಹೆಂಗಸರು ನಗುತ್ತಾ ಇನ್ನೊಂದು ಮಾತು ಹೇಳುತ್ತಾರೆ: "ಅದಕ್ಕೂ ಪಾಠ ಬೇಕಾ ಸಾ? ಬಚ್ಚಲ ತಾವ ಮಡಗಿದ್ರೆ ತಾನೇ ಬತ್ತದೆ." ಈ ಎರಡು ಮಾತುಗಳನ್ನೂ ಇಂದು ಸ್ವಲ್ಪ ತೂಗಿ ನೋಡೋಣ.

ರೈತ ಬಾಂಧವರೇ, ಮೊದಲನೆಯದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಣ್ಣೆಗಾಗಿ ಪೆಪ್ಪರ್‌ಮಿಂಟ್ ಬೆಳೆಯಲು ನಮ್ಮ ನಾಲೆಯ ಸೀಮೆ ತಕ್ಕ ಜಾಗವಲ್ಲ. ಇದಕ್ಕಾಗಿ ನಿಂತ ಬೆಳೆಯನ್ನು ಕೀಳಬೇಡಿ. ಮನೆಗೆಂದು, ಅಥವಾ ಸಂತೆಗೆ ಸೊಪ್ಪಿಗೆಂದು ಒಂದೆರಡು ಗುಂಟೆ ಪುದೀನ ಬೆಳೆಯುವುದಾದರೆ ಖಂಡಿತ ಬೆಳೆಯಿರಿ.

ಮೂರು ಗಿಡ, ಮೂರು ಗುಣ

ಪುದೀನದ ಕುಲದಲ್ಲಿ ನಮಗೆ ಸಂಬಂಧಪಟ್ಟವು ಮೂರು. ಮೊದಲನೆಯದು ಸ್ಪಿಯರ್‌ಮಿಂಟ್. ನಾವು ಚಟ್ನಿಗೆ ಅರೆಯುವ, ಬಾಡೂಟದ ಮಸಾಲೆಗೆ ಹಾಕುವ ಪುದೀನ ಹೆಚ್ಚಾಗಿ ಇದೇ. ಇದರ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು. ಎಲೆ ನೇರವಾಗಿ ಕಾಂಡಕ್ಕೆ ಅಂಟಿದಂತಿರುತ್ತದೆ, ಮೈ ಸುಕ್ಕುಸುಕ್ಕು. ಇದರ ಪರಿಮಳಕ್ಕೆ ಕಾರಣ ಕಾರ್ವೋನ್ ಎಂಬ ಅಂಶ. ಮೆಂಥಾಲ್ ಇದರಲ್ಲಿ ಇಲ್ಲವೆಂದರೂ ಸರಿಯೇ. ಆದ್ದರಿಂದ ಅಗಿದರೆ ಬಾಯಿ ಘಮ್ಮೆನ್ನುತ್ತದೆ, ಆದರೆ ನೋವಿನ ಮುಲಾಮಿನಂತೆ ತಣ್ಣಗೆ ಕೊರೆಯುವುದಿಲ್ಲ.

ಎರಡನೆಯದು ಪೆಪ್ಪರ್‌ಮಿಂಟ್. ಇದು ಸ್ಪಿಯರ್‌ಮಿಂಟ್ ಮತ್ತು ನೀರು ಪುದೀನ ಎಂಬ ಇನ್ನೊಂದು ಜಾತಿ ತಾವಾಗಿಯೇ ಕೂಡಿ ಹುಟ್ಟಿದ ಮಿಶ್ರತಳಿ. ಇಂಗ್ಲೆಂಡಿನಲ್ಲಿ 17ನೇ ಶತಮಾನದ ಕೊನೆಯಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ರೇ ಇದನ್ನು ಗುರುತಿಸಿ ಬರೆದರು. ಲಂಡನ್ ಬಳಿಯ ಮಿಚಮ್ ಎಂಬ ಊರು ಇದರ ಬೇಸಾಯಕ್ಕೆ ಹೆಸರುವಾಸಿಯಾಗಿತ್ತು. ಎಲೆಗೆ ಸ್ಪಷ್ಟವಾದ ತೊಟ್ಟಿದೆ, ಕಾಂಡ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ, ಅಗಿದರೆ ಮೊದಲು ಮೆಣಸಿನ ಚುರುಕು, ಹಿಂದೆಯೇ ತಂಪು. ಒಂದು ವಿಷಯವನ್ನು ನೆನಪಿನಲ್ಲಿಡಿ: ಮಿಶ್ರತಳಿಯಾದ ಕಾರಣ ಈ ಗಿಡ ಮೊಳೆಯುವ ಬೀಜ ಕಟ್ಟುವುದೇ ಅಪರೂಪ. ಎಲ್ಲೆಡೆ ಇದನ್ನು ಬೆಳೆಸುವುದು ಹಂಬಿನಿಂದ, ಕಡ್ಡಿಯಿಂದ. ಹಾಗಾಗಿ "ಅಸಲಿ ಪೆಪ್ಪರ್‌ಮಿಂಟ್ ಬೀಜ" ಎಂದು ಪೊಟ್ಟಣ ತೋರಿಸಿದರೆ ಅಲ್ಲೇ ವ್ಯಾಪಾರ ಮುಗಿಸಿ ಎದ್ದು ಬನ್ನಿ. ಪೊಟ್ಟಣದೊಳಗಿನಿಂದ ಏನಾದರೂ ಒಂದು ಪುದೀನ ಹುಟ್ಟಬಹುದು, ಪೆಪ್ಪರ್‌ಮಿಂಟ್ ಹುಟ್ಟುವುದು ಅನುಮಾನ.

ಮೂರನೆಯದು ಜಪಾನಿ ಪುದೀನ. ಎಲೆಗೆ ತೊಟ್ಟಿದೆ, ಮೈಮೇಲೆ ನವಿರು ರೋಮವಿದೆ. ಹೂ ಬಂದಾಗ ಗುರುತು ಇನ್ನೂ ಸುಲಭ. ಮೊದಲೆರಡು ಗಿಡಗಳಲ್ಲಿ ಹೂ ತುದಿಯಲ್ಲಿ ತೆನೆಯಾಗಿ ಬಂದರೆ, ಇದರಲ್ಲಿ ಎಲೆಯ ಕಂಕುಳಲ್ಲಿ ಗುಂಪುಗುಂಪಾಗಿ ಬರುತ್ತದೆ. ಕೆಲವು ಕಡೆ ಇದರ ಹತ್ತಿರದ ಸಂಬಂಧಿಯನ್ನೇ ಪುದೀನವೆಂದು ಅಡುಗೆಗೆ ಬಳಸುವುದೂ ಉಂಟು. ಮುಲಾಮು, ಕೆಮ್ಮಿನ ಮಾತ್ರೆ, ಹಲ್ಲಿನ ಪೇಸ್ಟುಗಳಿಗೆ ಬೇಕಾದ ಮೆಂಥಾಲ್ ನಮ್ಮ ದೇಶದಲ್ಲಿ ಬರುವುದು ಪೆಪ್ಪರ್‌ಮಿಂಟಿನಿಂದಲ್ಲ, ಈ ಜಪಾನಿ ಪುದೀನದಿಂದ. ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿ ಮೆಂಥಾಲ್ ಅರ್ಧದಷ್ಟು ಇದ್ದರೆ ಹೆಚ್ಚು. ಜಪಾನಿ ಪುದೀನದ ಎಣ್ಣೆಯಲ್ಲಿ ನೂರಕ್ಕೆ 70ರಿಂದ 80 ಭಾಗ ಇರುತ್ತದೆ. ಸಸಿ ಮಾರುವವರು ಪೆಪ್ಪರ್‌ಮಿಂಟ್ ಎನ್ನುತ್ತಾ ಮೆಂಥಾಲಿನ ಬೆಲೆ ಹೇಳುತ್ತಿದ್ದರೆ, ಅವರು ಯಾವ ಗಿಡದ ಮಾತಾಡುತ್ತಿದ್ದಾರೆ ಎಂಬುದು ಅವರಿಗೇ ಗೊತ್ತಿಲ್ಲ ಎಂದು ತಿಳಿಯಿರಿ.

ಮೆಂಥಾಲ್ ಮೈಯನ್ನು ನಿಜವಾಗಿ ತಣ್ಣಗೆ ಮಾಡುವುದಿಲ್ಲ. ಚರ್ಮದಲ್ಲಿ ಚಳಿಯನ್ನು ಅರಿಯುವ ನರಗಳಿವೆ. ಮೆಂಥಾಲ್ ಹೋಗಿ ಅವುಗಳ ಬಾಗಿಲು ತಟ್ಟುತ್ತದೆ, ಚಳಿ ಬಂತೆಂದು ನರ ಮೆದುಳಿಗೆ ಸುದ್ದಿ ಕಳಿಸುತ್ತದೆ, ಅಷ್ಟೆ. ಇದರ ಗುಟ್ಟು ಬಯಲಾದದ್ದು 2002ರಲ್ಲಿ. ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ಶಾಖ ಮತ್ತು ಸ್ಪರ್ಶದ ಅರಿವಿನ ಸಂಶೋಧನೆಗಾಗಿ 2021ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಹಗಲಿನ ಉದ್ದದ ಲೆಕ್ಕ

ನಮ್ಮಲ್ಲಿ ಪೆಪ್ಪರ್‌ಮಿಂಟ್ ಏಕೆ ಆಗದು ಎಂಬುದಕ್ಕೆ ಮಣ್ಣನ್ನು ದೂರಬೇಕಾಗಿಲ್ಲ, ಹಗಲನ್ನು ನೋಡಬೇಕು. ಈ ಗಿಡ ಎತ್ತರವಾಗಿ ಬೆಳೆದು, ಹೂ ಬಿಟ್ಟು, ಒಳ್ಳೆಯ ಎಣ್ಣೆ ತುಂಬಿಕೊಳ್ಳಲು ದಿನಕ್ಕೆ 15 ಗಂಟೆಯಷ್ಟು ಹಗಲು ಬೇಡುತ್ತದೆ; ಜೊತೆಗೆ ತಂಪಾದ ರಾತ್ರಿ. ಅಮೆರಿಕದ ಆರೆಗಾನ್, ವಾಷಿಂಗ್ಟನ್ ಪ್ರಾಂತ್ಯಗಳಲ್ಲಿ ಜೂನ್ ತಿಂಗಳಲ್ಲಿ ಅಷ್ಟು ಹಗಲು ಸಿಗುತ್ತದೆ, ಅಲ್ಲಿ ಬೆಳೆಯುತ್ತಾರೆ. ಮಂಡ್ಯದಲ್ಲಿ ವರ್ಷದ ಅತಿ ಉದ್ದನೆಯ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನಲ್ಲಿ ಅದು ಹನ್ನೊಂದೂವರೆ ಗಂಟೆಗೂ ಕಡಿಮೆ. ಹಗಲು ಸಾಲದಾದಾಗ ಪೆಪ್ಪರ್‌ಮಿಂಟ್ ಮೇಲೇಳುವುದನ್ನು ಬಿಟ್ಟು ನೆಲದ ಮೇಲೆ ಹಂಬು ಹರಿಸುತ್ತದೆ. ಬಂದ ಅಲ್ಪ ಎಣ್ಣೆಯಲ್ಲಿ ಮೆಂಥಾಲ್ ತಗ್ಗಿ, ಮೆಂಥೋಫ್ಯೂರಾನ್ ಎಂಬ ಬೇಡದ ಅಂಶ ಹೆಚ್ಚುತ್ತದೆ. ಕೊಳ್ಳುವವನು ಮೂಸಿ ನೋಡಿದೊಡನೆ ಬೆಲೆ ಇಳಿಸುತ್ತಾನೆ. ಗೊಬ್ಬರ ಹೆಚ್ಚು ಹಾಕಿ ಹಗಲನ್ನು ಉದ್ದ ಮಾಡಲು ಬರುವುದಿಲ್ಲವಷ್ಟೆ.

ಹಾಗಾದರೆ ಜಪಾನಿ ಪುದೀನ? ಅದು ಸೆಖೆಯನ್ನು ತಾಳುತ್ತದೆ, ನಮ್ಮಲ್ಲೂ ಬೆಳೆಯುತ್ತದೆ. ಆದರೆ ಉತ್ತರ ಪ್ರದೇಶದ ಕಥೆಯನ್ನು ಪೂರ್ತಿ ಕೇಳಿ. 1950ರ ದಶಕದಲ್ಲಿ ಜಪಾನಿನಿಂದ ಬಂದ ಗಿಡವನ್ನು ಮೊದಲು ಜಮ್ಮುವಿನಲ್ಲಿ ಬೆಳೆಸಿ ನೋಡಿದರು. ಅನಂತರ ಲಖನೌನ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆ, ಅಂದರೆ ಸಿಮ್ಯಾಪ್, ಶಿವಾಲಿಕ್, ಗೋಮತಿ, ಹಿಮಾಲಯ, ಕೋಸಿ ಮುಂತಾದ ತಳಿಗಳನ್ನು ಕೊಟ್ಟಿತು. ಇಂದು ಬಾರಾಬಂಕಿ, ರಾಂಪುರ, ಬದಾಯೂಂ ಮೊದಲಾದ ಜಿಲ್ಲೆಗಳಲ್ಲಿ ಹರಡಿರುವ ಈ ಬೆಳೆಯಿಂದಲೇ ಭಾರತ ಪ್ರಪಂಚಕ್ಕೆ ಮೊದಲಿನದಾಗಿದೆ. ಅಲ್ಲಿನ ರೈತರು ಆಲೂಗಡ್ಡೆ, ಸಾಸಿವೆ ತೆಗೆದ ಹೊಲದಲ್ಲಿ ಮಳೆಗಾಲದ ಭತ್ತಕ್ಕೆ ಮುಂಚೆ, ಖಾಲಿ ಬಿದ್ದಿರುವ ಮೂರು ನಾಲ್ಕು ತಿಂಗಳಲ್ಲಿ ಇದನ್ನು ತೆಗೆಯುತ್ತಾರೆ. ಅದು ಅವರಿಗೆ ಮೇಲುಬೆಳೆ. ನಾಲ್ಕಾರು ಹಳ್ಳಿಗೊಂದು ಎಣ್ಣೆ ಇಳಿಸುವ ಭಟ್ಟಿ ಇದೆ, ಎಣ್ಣೆ ಕೊಳ್ಳುವ ಮಂಡಿ ಹತ್ತಿರದಲ್ಲೇ ಇದೆ.

ನಮ್ಮ ಸ್ಥಿತಿಯನ್ನು ಯೋಚಿಸಿ. ಕೊಯ್ದ ಸೊಪ್ಪನ್ನು ಸ್ವಲ್ಪ ಬಾಡಿಸಿ, ಬಿಸಿಯೇಳುವ ಮೊದಲೇ ಆವಿಯ ಭಟ್ಟಿಗೆ ಹಾಕಬೇಕು. ನೂರು ಕೆಜಿ ಸೊಪ್ಪಿಗೆ ಬರುವ ಎಣ್ಣೆ ಅರ್ಧ ಕೆಜಿಯಿಂದ ಮುಕ್ಕಾಲು ಕೆಜಿ. ಉತ್ತರದಲ್ಲಿ ಎಕರೆಗೆ 40ರಿಂದ 50 ಕೆಜಿ ಎಣ್ಣೆ ತೆಗೆದವನು ಸಮಾಧಾನದಿಂದಿರುತ್ತಾನೆ. ಕೆಜಿಗೆ 1,000 ರೂ. ಎಂದಿಟ್ಟುಕೊಂಡರೂ ಭಟ್ಟಿಯ ಸೌದೆ, ಕೂಲಿ, ಸಾಗಣೆ ಕಳೆಯುವ ಮುಂಚಿನ ಮೊತ್ತ 40-50 ಸಾವಿರ. ಇದಕ್ಕೆ ವಾರವಾರವೂ ನೀರು ಬೇಕು. ಎಣ್ಣೆಯ ಬೆಲೆಯಾದರೂ ನಿಂತ ನೀರಲ್ಲ. 2012ರಲ್ಲಿ ಕೆಜಿಗೆ 2,000 ರೂ. ದಾಟಿದ್ದು ಮುಂದಿನ ಎರಡು ವರ್ಷಗಳಲ್ಲಿ 1,000ಕ್ಕಿಂತ ಕೆಳಗಿಳಿಯಿತು. ಕಾರ್ಖಾನೆಯಲ್ಲಿ ತಯಾರಿಸುವ ಮೆಂಥಾಲೂ ಪೈಪೋಟಿಗೆ ನಿಂತಿದೆ. 2003ರ ಸುಮಾರಿನಲ್ಲಿ ವೆನಿಲ್ಲಾ ಬೆಲೆ ಆಕಾಶಕ್ಕೇರಿದ್ದನ್ನು, ತೋಟತೋಟಕ್ಕೆ ಬಳ್ಳಿ ಹಬ್ಬಿಸಿದ ಮೇಲೆ ಅದು ನೆಲ ಕಚ್ಚಿದ್ದನ್ನು ಮಲೆನಾಡಿನವರನ್ನು ಕೇಳಿ ತಿಳಿಯಬಹುದು.

ನೀರಿನ ಮಾತಂತೂ ನಿಮಗೇ ಹೆಚ್ಚು ಗೊತ್ತು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬದೇ ಹೋದಾಗ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿ ಗದ್ದೆಗಳ ಗತಿ ಏನಾಯಿತೆಂಬುದನ್ನು ಯಾರೂ ಮರೆತಿಲ್ಲ. ಇಂಥ ಕಡೆ ಹೊಸ ಬೆಳೆಯನ್ನು ಎಕರೆಗಟ್ಟಲೆ ನೆಡುವ ಮೊದಲು ಸಸಿ ಮಾರುವವನನ್ನು ಇಷ್ಟು ಕೇಳಿ: ಗಿಡದ ಜಾತಿ, ತಳಿ ಯಾವುದು? ಭಟ್ಟಿ ಎಷ್ಟು ಮೈಲಿ ದೂರದಲ್ಲಿದೆ, ಯಾರದು? ಎಣ್ಣೆ ಕೊಳ್ಳುವ ಬೆಲೆಯನ್ನು ಛಾಪಾ ಕಾಗದದ ಮೇಲೆ ಬರೆದುಕೊಡುತ್ತೀಯಾ? ಕಳೆದ ವರ್ಷ ಈ ಜಿಲ್ಲೆಯಲ್ಲಿ ಯಾರಿಂದ ಎಣ್ಣೆ ಕೊಂಡೆ, ಅವರ ಮನೆಗೆ ಕರೆದುಕೊಂಡು ಹೋಗುತ್ತೀಯಾ? ಕೊನೆಯ ಪ್ರಶ್ನೆಗೆ ಬಹಳ ಜನ ಟೀ ಕುಡಿಯಲು ಎದ್ದು ಹೋಗುತ್ತಾರೆ.

ದಿನಕ್ಕೊಂದು ಕೊಡ ನೀರು

ಈಗ ಹಿತ್ತಲಿಗೆ ಬರೋಣ. ಮನೆಗೆ ಬೇಕಾದ ಪುದೀನಕ್ಕೆ ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಮಡಿ ಸಾಕು. ಅಗಲ ಅದಕ್ಕಿಂತ ಹೆಚ್ಚಾದರೆ ನಡುವಿನ ಕಳೆಗೆ ಕೈ ನಿಲುಕದೆ ಗಿಡ ತುಳಿಯಬೇಕಾಗುತ್ತದೆ. ಕಡುಬೇಸಿಗೆಯಲ್ಲಿ ಈ ಮಡಿಗೆ ದಿನಕ್ಕೆ ಒಂದು ಕೊಡ, ಅಂದರೆ ಸುಮಾರು 15 ಲೀಟರ್ ನೀರು; ಉಳಿದ ಕಾಲದಲ್ಲಿ ಎರಡು ದಿನಕ್ಕೊಂದು ಕೊಡ. ಮಳೆ ಬಂದರೆ ಅದೂ ಇಲ್ಲ. ನಾಲೆ ನಿಂತ ವರ್ಷದಲ್ಲೂ ಇಷ್ಟನ್ನು ಉಳಿಸಿಕೊಳ್ಳಬಹುದು.

ಜಾಗ ಆರಿಸುವಾಗ ಎರಡು ನೋಡಿ. ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ ಬಿಸಿಲಿಗೆ ಮರೆ ಇರಬೇಕು. ತೆಂಗಿನ ಮರಗಳ ನಡುವೆ, ಮನೆಯ ಪೂರ್ವದ ಗೋಡೆಯ ಬದಿ, ನುಗ್ಗೆಯ ತೆಳುನೆರಳು, ಎಲ್ಲವೂ ಸರಿ. ಎರಡನೆಯದಾಗಿ ನೀರು ನಿಲ್ಲಬಾರದು. ಪುದೀನಕ್ಕೆ ತೇವ ಬೇಕು, ಕೆಸರು ಬೇಡ. ಗದ್ದೆ ಬಯಲಿಗೆ ಅಂಟಿದ ಹಿತ್ತಲಾದರೆ ಮಡಿಯನ್ನು ಅರ್ಧ ಅಡಿ ಎತ್ತರಿಸಿ. ನಾಲೆಯ ಬಯಲಿನಲ್ಲಿ ಅಲ್ಲಲ್ಲಿ ಚೌಳು ನೆಲವಿದೆ, ಬೇಸಿಗೆಯಲ್ಲಿ ಮೇಲೆ ಬಿಳಿಯ ಪುಡಿ ಏಳುತ್ತದೆ. ಅಂಥ ಮಣ್ಣಿನಲ್ಲಿ ಪುದೀನ ಎಲೆಯಂಚು ಸುಟ್ಟುಕೊಂಡು ಕುಗ್ಗುತ್ತದೆ. ಹೊರಗಿನಿಂದ ಕೆಮ್ಮಣ್ಣು ತಂದು ತುಂಬಿ, ಇಲ್ಲವೇ ಕುಂಡದಲ್ಲಿ ಬೆಳೆಯಿರಿ.

ಕುಂಡವೆಂದರೆ ದುಡ್ಡು ಕೊಟ್ಟು ತರಬೇಕಾಗಿಲ್ಲ. ಒಡೆದ ಬಕೆಟ್ಟು, ಹಳೆಯ ಟಬ್ಬು, ಅರ್ಧ ಮಡಿಸಿದ ಗೊಬ್ಬರದ ಚೀಲ, ಅಡುಗೆ ಎಣ್ಣೆಯ ಡಬ್ಬ, ಯಾವುದಾದರೂ ಆಗಬಹುದು. ಆಳಕ್ಕಿಂತ ಅಗಲ ಮುಖ್ಯ; ಒಂದು ಗೇಣು ಆಳವಿದ್ದರೆ ಸಾಕು, ತಳಕ್ಕೆ ತೂತಿರಲಿ. ಕೀಟನಾಶಕದ, ಕಳೆನಾಶಕದ ಡಬ್ಬವನ್ನು ಮಾತ್ರ ಎಷ್ಟು ತೊಳೆದಿದ್ದರೂ ಇದಕ್ಕೆ ಬಳಸಬೇಡಿ. ಹಸಿಯಾಗಿ ತಿನ್ನುವ ಸೊಪ್ಪು ಇದು. ಅಂತೆಯೇ ಕಬ್ಬಿಗೆ ಕಳೆನಾಶಕ ಹೊಡೆದ ಪಂಪನ್ನು ಹಿತ್ತಲಿನಲ್ಲಿ ತೊಳೆಯಬಾರದು. 2,4-ಡಿ ಬೆರೆತ ಒಂದು ಚೊಂಬು ನೀರು ಹರಿದರೆ ಮಡಿಯೇ ಸೊಟ್ಟಗೆ ಸುರುಟಿಕೊಳ್ಳುತ್ತದೆ.

ನೆಡಲು ಕಡ್ಡಿ ನೆರೆಮನೆಯಲ್ಲೇ ಸಿಗುತ್ತದೆ. ಸಿಗದಿದ್ದರೆ ಸಂತೆಯಲ್ಲಿ ಒಂದು ಕಟ್ಟು ಕೊಂಡು, ದಪ್ಪನೆಯ, ಬಲಿತ ಕಡ್ಡಿಗಳನ್ನು ಆರಿಸಿ. ತುದಿಯ ನಾಲ್ಕು ಎಲೆ ಬಿಟ್ಟು ಕೆಳಗಿನವನ್ನು ಸವರಿ, ಲೋಟದ ನೀರಿನಲ್ಲಿ ನೆರಳಿನಲ್ಲಿಡಿ. ದಿನ ಬಿಟ್ಟು ದಿನ ನೀರು ಬದಲಿಸುತ್ತಿದ್ದರೆ ವಾರ ಹತ್ತು ದಿನದಲ್ಲಿ ಗಿಣ್ಣಿನಿಂದ ಬಿಳಿಯ ಬೇರು ಬರುತ್ತದೆ. ಮಡಿಗೆ ಎರಡು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಇದ್ದವರು ಅದನ್ನೂ ಹಾಕಬಹುದು, ಆದರೆ ಪೂರ್ತಿ ಕಳಿತು ತಣ್ಣಗಾಗಿರಬೇಕು. ಬಿಸಿಯಿರುವ ಪ್ರೆಸ್‌ಮಡ್ ಬೇರನ್ನು ಬೇಯಿಸುತ್ತದೆ. ಉದ್ದಕ್ಕೆ ಮೂರು ಸಾಲು ಮಾಡಿ, ಸಾಲಿನಲ್ಲಿ ಅರ್ಧ ಅಡಿಗೊಂದರಂತೆ ಸಂಜೆಯ ಹೊತ್ತು ನೆಡಿ. ಜೂನಿನ ಮೊದಲ ಮಳೆಯ ನಂತರ ಅಥವಾ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನೆಟ್ಟರೆ ಒಳ್ಳೆಯದು. ಏಪ್ರಿಲ್‌ನಲ್ಲಿ ನೆಡುವವರು ತೆಂಗಿನ ಗರಿಯ ಚಪ್ಪರ ಹಾಕಲಿ.

ಸಾಲಿನ ನಡುವೆ ಕಬ್ಬಿನ ತರಗನ್ನು ತೆಳ್ಳಗೆ ಹರಡಿದರೆ ತೇವ ನಿಲ್ಲುತ್ತದೆ, ಎಲೆಗೆ ಮಣ್ಣು ಸಿಡಿಯುವುದಿಲ್ಲ. ಗೆದ್ದಲಿನ ಕಾಟವಿರುವ ಕಡೆ ತರಗು ಬೇಡ. ಗಿಡ ಹಬ್ಬುವ ಸ್ವಭಾವದ್ದು, ಬದುವಿನ ಮೇಲೆ ನೆಟ್ಟರೆ ಗದ್ದೆಗಿಳಿಯುತ್ತದೆ. ತುಂಡಾದ ಪ್ರತಿ ಹಂಬೂ ಹೊಸ ಗಿಡ. ಆದ್ದರಿಂದ ಮಡಿಯ ಸುತ್ತ ಕಲ್ಲು ಅಥವಾ ಹೆಂಚಿನ ಚೂರುಗಳನ್ನು ಅರ್ಧ ಹೂತು ಅಂಚು ಕಟ್ಟಿಬಿಡಿ.

ನೆಟ್ಟ ಎರಡು ತಿಂಗಳಿಗೆ ಮೊದಲ ಕೊಯ್ಲು. ನೆಲದಿಂದ ಎರಡು ಬೆರಳು ಬಿಟ್ಟು ಕುಡುಗೋಲಿನಿಂದ ಕೊಯ್ಯಬೇಕು, ಕೀಳಬಾರದು. ಮುಂದೆ 30-40 ದಿನಕ್ಕೊಮ್ಮೆ ಕೊಯ್ಲಿಗೆ ಬರುತ್ತದೆ. ಪ್ರತಿ ಕೊಯ್ಲಿನ ನಂತರ ಒಂದು ಮಂಕರಿ ಗೊಬ್ಬರ ಉದುರಿಸಿ ನೀರು ಕೊಡಿ. ಯೂರಿಯಾ ಕೊಡಲೇಬೇಕೆಂದಿದ್ದರೆ ಒಂದು ಬಕೆಟ್ ನೀರಿಗೆ ಒಂದೆರಡು ಚಮಚ, ಅದಕ್ಕಿಂತ ಹೆಚ್ಚಿಲ್ಲ. ಯೂರಿಯಾದಿಂದ ಉಬ್ಬಿದ ಎಲೆ ನೋಡಲು ಚೆಂದ, ಪರಿಮಳ ಕಡಿಮೆ, ಕಟ್ಟು ಕಟ್ಟಿದರೆ ರಾತ್ರಿ ಕಳೆಯುವುದರೊಳಗೆ ಕರಗುತ್ತದೆ.

ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಮಡಿಯನ್ನೆಲ್ಲ ನೆಲಮಟ್ಟಕ್ಕೆ ಕೊಯ್ದು ಸುಟ್ಟುಬಿಡಿ. ಮತ್ತೆ ಬಂದರೆ ಜಾಗ ಬದಲಿಸಿ. ಕಂಬಳಿ ಹುಳು, ಬಸವನಹುಳುಗಳನ್ನು ಬೆಳಗಿನ ಹೊತ್ತು ಕೈಯಿಂದ ಆರಿಸಿ. ಔಷಧಿ ಸಿಂಪಡಿಸುವ ಮಾತು ಬೇಡ. ಹಿಪ್ಪುನೇರಳೆ ತೋಟವಿರುವ ಮಳವಳ್ಳಿ, ಮದ್ದೂರಿನ ಮನೆಗಳಲ್ಲಂತೂ ಬೇವಿನೆಣ್ಣೆಯೂ ಬೇಡ; ಗಾಳಿಗೆ ತೂರಿ ಸೊಪ್ಪಿಗೆ ತಗುಲಿದರೆ ರೇಷ್ಮೆ ಹುಳುವಿಗೆ ಅದೂ ವಿಷವೇ.

ಬಚ್ಚಲ ನೀರಿನ ವಿಷಯ

ಹೆಂಗಸರ ಮಾತಿಗೆ ಬರೋಣ. ಬಚ್ಚಲ ಬಳಿ ಎಸೆದರೆ ಪುದೀನ ಬರುತ್ತದೆ, ನಿಜ. ಅಜ್ಜಿಯ ಕಾಲದಲ್ಲಿ ಸೀಗೆಪುಡಿ, ಕಡಲೆಹಿಟ್ಟಿನ ನೀರು ಹರಿಯುತ್ತಿತ್ತು. ಈಗ ಹರಿಯುವುದು ಸೋಪಿನಪುಡಿ, ಶಾಂಪೂ, ಫಿನಾಯಿಲು. ಬಟ್ಟೆ ಸೋಪಿನ ಕ್ಷಾರ ಮಣ್ಣನ್ನು ವರ್ಷ ಎರಡು ವರ್ಷದಲ್ಲಿ ಚೌಳು ಮಾಡುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಎಳೆಮಕ್ಕಳ ಬಟ್ಟೆ ತೊಳೆಯುವುದೂ ಅದೇ ಬಚ್ಚಲಿನಲ್ಲಿ, ಪಕ್ಕದಲ್ಲೇ ಪಾಯಿಖಾನೆಯ ಗುಂಡಿ. ಆಮಶಂಕೆಯ ಸೂಕ್ಷ್ಮಜೀವಿ, ಜಂತುಹುಳುವಿನ ಮೊಟ್ಟೆ ಈ ನೀರಿನೊಡನೆ ಬಂದು ಎಲೆಯ ಸುಕ್ಕಿನಲ್ಲಿ ಕೂರುತ್ತವೆ. ಸೊಪ್ಪು ಸಾರಿಗೆ ಹೋದರೆ ಬೆಂದು ಹೋಗುತ್ತವೆ. ಚಟ್ನಿಗೆ ಹೋದರೆ ನೇರವಾಗಿ ಮಗುವಿನ ಹೊಟ್ಟೆಗೆ. ಉಪ್ಪುನೀರಿನಲ್ಲಿ ನೆನೆಸಿದರೆ ಹುಳು ಹುಪ್ಪಟೆ ಬಿಡುತ್ತವೆಯೇ ಹೊರತು ಈ ಮೊಟ್ಟೆಗಳು ಸಾಯುವುದಿಲ್ಲ.

ಬಚ್ಚಲ ನೀರನ್ನು ಬಾಳೆಗೆ, ತೆಂಗಿಗೆ ಬಿಡಿ. ಅವು ಸಂತೋಷದಿಂದ ಕುಡಿಯುತ್ತವೆ. ಪುದೀನಕ್ಕೆ ತರಕಾರಿ ತೊಳೆದ ನೀರು, ಕೊಡ ಬೆಳಗಿದ ನೀರು, ನಲ್ಲಿಯ ಕೆಳಗೆ ಚೆಲ್ಲಿದ ನೀರು ಹಿಡಿದರೆ ಮೇಲೆ ಹೇಳಿದ ಒಂದು ಕೊಡ ಸುಲಭವಾಗಿ ಆಗುತ್ತದೆ. ಹಸುವಿನ ಪಾಲಿನ ಅಕ್ಕಚ್ಚನ್ನು ಮಾತ್ರ ಕಿತ್ತುಕೊಳ್ಳಬೇಡಿ. ಎಲ್ಲಿ ಬೆಳೆದದ್ದೆಂದು ತಿಳಿಯದ ಸೊಪ್ಪನ್ನು ಮೂರು ನೀರಿನಲ್ಲಿ ಜಾಲಿಸಿ, ಬಾಣಲೆಯಲ್ಲಿ ಚೆನ್ನಾಗಿ ಬಾಡಿಸಿಯೇ ಅರೆಯುವುದು ಕ್ಷೇಮ. ರುಚಿಯೇನೂ ಕೆಡುವುದಿಲ್ಲ, ಬಿಸಿ ಮುದ್ದೆಯ ಜೊತೆಗೆ ಹುರಿಗಡಲೆ, ಹುಣಸೆ, ಹಸಿಮೆಣಸು ಸೇರಿಸಿ ಅರೆದ ಬಾಡಿಸಿದ ಪುದೀನದ ಚಟ್ನಿಯೇ ನನಗೆ ಹೆಚ್ಚು ಇಷ್ಟ.

ಮನೆಮದ್ದು ಎಲ್ಲಿಯವರೆಗೆ

ಪುದೀನವನ್ನು ಸಾರಿಗೆ, ಪಲಾವಿಗೆ ಹಾಕುವಾಗ ಕೊನೆಯಲ್ಲಿ ಹಾಕಿ ಮುಚ್ಚಬೇಕು. ಪರಿಮಳವೆಲ್ಲ ಹಾರುವ ಎಣ್ಣೆಯಲ್ಲಿದೆ. ಊಟ ಹೆಚ್ಚಾಗಿ ಹೊಟ್ಟೆ ಉಬ್ಬರಿಸಿದಾಗ ಒಂದು ಹಿಡಿ ಎಲೆಗೆ ಎರಡು ಲೋಟ ಕುದಿಯುವ ನೀರು ಹೊಯ್ದು, ಹತ್ತು ನಿಮಿಷ ಮುಚ್ಚಿಟ್ಟು, ಸೋಸಿ ಕುಡಿದರೆ ಹಿತವಾಗುತ್ತದೆ. ನಮ್ಮ ಆಲೆಮನೆ ಬೆಲ್ಲದ ಪಾನಕಕ್ಕೆ ನಿಂಬೆಹಣ್ಣಿನ ಜೊತೆ ನಾಲ್ಕು ಎಲೆ ಜಜ್ಜಿ ಹಾಕಿ ನೋಡಿ, ಬಾಟಲಿ ಪಾನೀಯ ಬೇಕೆನಿಸುವುದಿಲ್ಲ. ಕೊಯ್ಲು ಹೆಚ್ಚಾದಾಗ ನೆರಳಿನಲ್ಲಿ ಒಣಗಿಸಿ ಡಬ್ಬದಲ್ಲಿಡಬಹುದು. ಒಂದು ಕೆಜಿ ಹಸಿಸೊಪ್ಪು ಒಣಗಿದರೆ 150 ಗ್ರಾಮಿನಷ್ಟು ಉಳಿಯುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಕಪ್ಪಾಗಿ ಹುಲ್ಲಿನಂತಾಗುತ್ತದೆ.

ಎದೆಯುರಿ, ಹುಳಿತೇಗು ಇರುವವರಿಗೆ ಪುದೀನ, ಅದರಲ್ಲೂ ಪೆಪ್ಪರ್‌ಮಿಂಟ್, ಒಗ್ಗುವುದಿಲ್ಲ. ಜಠರದ ಮೇಲಿನ ಬಾಗಿಲನ್ನು ಅದು ಸಡಿಲ ಮಾಡುವುದರಿಂದ ಉರಿ ಹೆಚ್ಚುತ್ತದೆ. ಹೊಟ್ಟೆನೋವಿನ ಜೊತೆ ಜ್ವರ, ವಾಂತಿ, ರಕ್ತ ಕಂಡರೆ ಕಷಾಯ ಕಾಯಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ತಾಯಂದಿರು ಗಮನಿಸಬೇಕಾದದ್ದು ಇನ್ನೊಂದಿದೆ. ಪುದೀನದ ಎಲೆ ಬೇರೆ, ಅಂಗಡಿಯ ಪೆಪ್ಪರ್‌ಮಿಂಟ್ ಎಣ್ಣೆ, ಮೆಂಥಾಲ್ ಹರಳು, ಮುಲಾಮು ಬೇರೆ. ಶೀತವಾದ ಹಸುಗೂಸಿನ ಮೂಗಿಗೆ, ತುಟಿಗೆ, ಎದೆಗೆ ಇವನ್ನು ಹಚ್ಚಬೇಡಿ. ಮೆಂಥಾಲಿನ ಗಾಟು ಎಳೆಯ ಮಗುವಿನ ಗಂಟಲಿನ ಸ್ನಾಯುವನ್ನು ಸೆಳೆದು ಉಸಿರು ಕಟ್ಟಿಸಬಹುದು. ಎರಡು ವರ್ಷ ತುಂಬದ ಮಗುವಿಗೆ ಇವುಗಳ ಗೊಡವೆಯೇ ಬೇಡ. ಪಚ್ಚಕರ್ಪೂರ, ಓಮದ ಹರಳು, ಮೆಂಥಾಲ್ ಹರಳು ಸೇರಿಸಿದರೆ ತಾನಾಗಿ ನೀರಾಗುವ ಔಷಧಿಯನ್ನು ಕೆಲವು ಮನೆಗಳಲ್ಲಿ ಸೀಸೆಯಲ್ಲಿಟ್ಟಿರುತ್ತಾರೆ. ಅದು ಮಕ್ಕಳ ಕೈಗೆ ಎಟುಕದಿರಲಿ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ.

ಮಾರುವುದಾದರೆ ಹೊಸತೊಡಕು ನೋಡಿ

ಒಂದೆರಡು ಗುಂಟೆ ಹಾಕಿ ಸೊಪ್ಪು ಮಾರಬೇಕೆನ್ನುವವರು ನಮ್ಮ ಜನ ಯಾವಾಗ ಏನು ಉಣ್ಣುತ್ತಾರೆಂಬ ಲೆಕ್ಕದ ಮೇಲೆ ಕೊಯ್ಲು ಇಡಬೇಕು. ಬನ್ನೂರು ಕುರಿಯ ಸೀಮೆ ನಮ್ಮದು. ಹಸಿರು ಮಸಾಲೆಯಿಲ್ಲದೆ ಬಾಡೂಟವಿಲ್ಲ, ಪುದೀನ-ಕೊತ್ತಂಬರಿಯಿಲ್ಲದೆ ಹಸಿರು ಮಸಾಲೆಯಿಲ್ಲ. ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ, ಮಾರ್ನಮಿಯ ಎಡೆಗೆ, ಊರಹಬ್ಬಕ್ಕೆ, ಬೀಗರೂಟಕ್ಕೆ ಗಿರಾಕಿ ಕಟ್ಟಿಟ್ಟದ್ದು. ಶ್ರಾವಣದಲ್ಲಿ ಬಹಳ ಮನೆಗಳು ಬಾಡು ಬಿಡುತ್ತವೆ, ಬೆಲೆ ಬೀಳುತ್ತದೆ. ಆಗ ಹಳೆಯ ಮಡಿಗಳನ್ನು ಕಿತ್ತು, ಹಂಬು ಬಿಡಿಸಿ ಹೊಸದಾಗಿ ನೆಟ್ಟರೆ ಕೆಲಸವೂ ಆಯಿತು, ನಷ್ಟವೂ ಇಲ್ಲ. ನೆಟ್ಟದ್ದು ಮಾರ್ನಮಿಯ ಹೊತ್ತಿಗೆ ಮೊದಲ ಕೊಯ್ಲಿಗೆ ಸಮೀಪಿಸುತ್ತದೆ.

ಹೊಸತೊಡಕಿಗೆ ಸರಿಯಾಗಿ 35-40 ದಿನ ಮುಂಚೆ, ಅಂದರೆ ಶಿವರಾತ್ರಿಯ ಆಚೆಈಚೆಗೆ ಮಡಿಗಳನ್ನು ಸವರಿ ಗೊಬ್ಬರ ಕೊಡಿ. ಎಲ್ಲ ಮಡಿಯನ್ನೂ ಒಂದೇ ದಿನ ಸವರಬೇಡಿ. ನಾಲ್ಕು ಭಾಗ ಮಾಡಿ ಎರಡು ಮೂರು ದಿನ ಅಂತರ ಬಿಟ್ಟು ಸವರಿದರೆ ಹಬ್ಬದ ವಾರವೆಲ್ಲ ಎಳೆಯ ಸೊಪ್ಪು ಸಿಗುತ್ತದೆ. ಹಿಂದಿನ ಸಂಜೆ ಕೊಯ್ದು, ಹಿಡಿಗಾತ್ರದ ಕಟ್ಟು ಕಟ್ಟಿ, ಬುಡ ಮಾತ್ರ ನೆನೆಯುವಂತೆ ಒದ್ದೆ ಗೋಣಿಯಲ್ಲಿ ನಿಲ್ಲಿಸಿಡಿ. ಎಲೆಯ ಮೇಲೆ ನೀರು ಚಿಮುಕಿಸಿದರೆ ಬೆಳಗಿನ ಹೊತ್ತಿಗೆ ಕಪ್ಪಾಗುತ್ತದೆ. ಹೋಟೆಲು, ಬಿರಿಯಾನಿ ಅಂಗಡಿ, ಬಾಡೂಟದ ಅಡುಗೆ ಭಟ್ಟರನ್ನು ಮೊದಲೇ ಕಂಡು ವಾರದ ಲೆಕ್ಕ ಮಾತಾಡಿಕೊಂಡರೆ ಸಂತೆಯಲ್ಲಿ ಕೂರುವುದೂ ತಪ್ಪುತ್ತದೆ. ಅರ್ಧ ಎಕರೆಗೆ ಹಾರಬೇಡಿ. ಊರಿನ ನಾಲ್ಕು ಜನ ಒಟ್ಟಿಗೆ ಅರ್ಧರ್ಧ ಎಕರೆ ಹಾಕಿದರೆ ಮದ್ದೂರು ಸಂತೆ ಆ ಸೊಪ್ಪನ್ನು ತಡೆಯುವುದಿಲ್ಲ.

ಒಂದೇ ಜಾಗದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಪುದೀನ ಬಿಡಬಾರದು. ಬೇರು ಹೆಣೆದುಕೊಂಡು ನಡುವೆ ಬೋಳಾಗುತ್ತದೆ, ಕೊಳೆರೋಗ ಸೇರುತ್ತದೆ. ಹಳೆಯ ಜಾಗಕ್ಕೆ ಅಲಸಂದೆ ಅಥವಾ ಅವರೆ ಹಾಕಿ.

ನಿಮ್ಮ ಹಿತ್ತಲಲ್ಲಿರುವುದು ಯಾವ ಜಾತಿ ಎಂಬ ಅನುಮಾನವಿದ್ದರೆ, ಅಥವಾ ಯಾರಾದರೂ ಪೆಪ್ಪರ್‌ಮಿಂಟ್ ಎಂದು ಸಸಿ ತಂದು ಮುಂಗಡ ಕೇಳುತ್ತಿದ್ದರೆ, ದುಡ್ಡು ಕೊಡುವ ಮೊದಲು ಒಂದು ಕಡ್ಡಿಯನ್ನು ಎಲೆ, ತೊಟ್ಟು ಸಮೇತ ಒದ್ದೆ ಕಾಗದದಲ್ಲಿ ಸುತ್ತಿಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ತಾಲ್ಲೂಕಿನ ತೋಟಗಾರಿಕೆ ಕಚೇರಿಗೋ, ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೋ ಬನ್ನಿ. ಅವರು ಕೊಟ್ಟ ಕರಪತ್ರವಿದ್ದರೆ ಅದನ್ನೂ ಜೊತೆಗೆ ತನ್ನಿ.